ಕೇಳಿದ ಬಾನುಲಿ, ಕೇಳದೆ ಉಳಿದ ಹಾಡು

ಕಳೆದ ಶ್ರಾವಣ ಮಾಸದಲ್ಲಿ ಹೊಸಪೇಟೆಯ ಸಮೀಪದ ಗ್ರಾಮವೊಂದರಲ್ಲಿ ಪ್ರವಚನ ನೀಡುವುದಕ್ಕಾಗಿ ನಾವು ಚಿತ್ರದುರ್ಗದಿಂದ ಹೊರಟಿದ್ದೆವು. ಭಕ್ತರೊಬ್ಬರು ತಮ್ಮ ಕಾರನ್ನು ಕಳುಹಿಸಿದ್ದರು. ಊರು ದಾಟುತ್ತಲೇ ಚಾಲಕ ಯುವಕನು ಸ್ವಲ್ಪ ಅಳುಕುತ್ತ, "ಸ್ವಾಮಿ, ರೇಡಿಯೋ ಹಾಕ್ಲಾ?" ಎಂದು ಕೇಳಿದನು. ಹಾಕಪ್ಪ ಎಂದೆವು. ಚಿತ್ರದುರ್ಗ ಆಕಾಶವಾಣಿಯ 102.6ರಲ್ಲಿ ಹಳೆಯ ಚಿತ್ರಗೀತೆಗಳು ಬರುತ್ತಿದ್ದವು. ಹಾಡಿನ ಮೇಲೆ ಹಾಡು ಕೇಳುತ್ತ ದಾರಿ ಸಾಗಿತು. ಕೂಡ್ಲಿಗಿ ಸಮೀಪಿಸುವ ಹೊತ್ತಿಗೆ ಹಾಡಿನ ನಡುವೆ ಕರಕರ ಸದ್ದು ಸೇರಿಕೊಂಡು, ಕೊನೆಗೆ ಸದ್ದೊಂದೇ ಉಳಿಯಿತು. ಯುವಕನು ಕೂಡಲೇ ಗುಂಡಿ ಒತ್ತಿ, "ಅದು ಮುಗೀತು ಸ್ವಾಮಿ, ಇನ್ನು ಹೊಸಪೇಟೆದು ಸಿಗ್ತೈತಿ" ಎಂದು 100.5ಕ್ಕೆ ತಿರುಗಿಸಿದನು. ಅಲ್ಲಿ ಬೇರೆಯೇ ದನಿ, ಬೇರೆಯೇ ಹಾಡು.

ಆ ಯುವಕನಿಗೆ ಇದು ನಿತ್ಯದ ಸಂಗತಿ. ನಮಗೋ ಆ ಕರಕರ ಸದ್ದು ಮೂವತ್ತು ವರುಷಗಳ ಹಿಂದಿನ ಒಂದು ಸಂಜೆಯನ್ನು ಕಣ್ಣ ಮುಂದೆ ತಂದು ನಿಲ್ಲಿಸಿತು. ಆ ಸಂಜೆ ನಮ್ಮಿಂದಾದ ಒಂದು ತಪ್ಪನ್ನು ಓದುಗರ ಮುಂದೆ ಇಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆವು. ಅದಕ್ಕೆ ಮೊದಲು ಬಾನುಲಿಯು ನಡೆದು ಬಂದ ದಾರಿಯನ್ನು ನಾಲ್ಕು ಮಾತಿನಲ್ಲಿ ನೆನೆಯುವುದು ಅಗತ್ಯ.

ಕನ್ನಡ ನಾಡಿನಲ್ಲಿ ಬಾನುಲಿ ಹುಟ್ಟಿದ್ದು ಸರಕಾರದ ಕಚೇರಿಯಲ್ಲಿ ಅಲ್ಲ, ಒಬ್ಬ ಪ್ರಾಧ್ಯಾಪಕರ ಮನೆಯಲ್ಲಿ. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರದ ಮೂಲಕವೇ ನಾಡಿನ ಬಾಯಿಗೆ ಬಂದಿತು. ಮುಂದೆ 1950ರ ಜನವರಿ 8ರಂದು ಧಾರವಾಡ ಕೇಂದ್ರವೂ, 1955ರಲ್ಲಿ ಬೆಂಗಳೂರು ಕೇಂದ್ರವೂ, 1960ರ ದಶಕದಲ್ಲಿ ಭದ್ರಾವತಿ ಮತ್ತು ಕಲಬುರಗಿ ಕೇಂದ್ರಗಳೂ ಬಂದವು.

ನಾವು ಬಾಲಕರಾಗಿ ಗದಗ ಸೀಮೆಯ ಮಠವೊಂದನ್ನು ಸೇರಿದ್ದು 1970ರಲ್ಲಿ. ಅಲ್ಲಿ ಇದ್ದುದು ಒಂದೇ ರೇಡಿಯೋ. ಅದಕ್ಕೆ ಲೈಸೆನ್ಸ್ ಪುಸ್ತಕವಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಅದನ್ನು ನವೀಕರಿಸಿಕೊಂಡು ಬರಬೇಕಾಗಿತ್ತು. ಬೆಳಗಿನ ಜಾವ ಸ್ನಾನ ಪೂಜೆ ಮುಗಿಸಿ ಬರುವಷ್ಟರಲ್ಲಿ ಧಾರವಾಡದಿಂದ ಭಕ್ತಿಗೀತೆ ಬರುತ್ತಿತ್ತು. ಪಂಡಿತ ಮಲ್ಲಿಕಾರ್ಜುನ ಮನ್ಸೂರರು ಆ ಕೇಂದ್ರದ ಸಂಗೀತ ಸಲಹೆಗಾರರಾಗಿದ್ದವರು. ಅವರ ಕಂಠದಲ್ಲಿ, ಬಸವರಾಜ ರಾಜಗುರುಗಳ ಕಂಠದಲ್ಲಿ, ಸಿದ್ಧರಾಮ ಜಂಬಲದಿನ್ನಿಯವರ ಕಂಠದಲ್ಲಿ ವಚನಗಳು ಹೊರಹೊಮ್ಮುತ್ತಿದ್ದರೆ, ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ತಾಯಂದಿರ ಕೈ ಕ್ಷಣಕಾಲ ನಿಲ್ಲುತ್ತಿತ್ತು. ಅಕ್ಷರವನ್ನೇ ಕಲಿಯದ ಎಷ್ಟೋ ಮನೆಗಳಿಗೆ ವಚನವು ಪುಸ್ತಕದಿಂದಲ್ಲ, ಬಾನುಲಿಯಿಂದಲೇ ತಲುಪಿತು.

ವಚನದ ನಂತರ ಪ್ರದೇಶ ಸಮಾಚಾರ, ಅನಂತರ ರೈತರಿಗೆ ಸಲಹೆ, ಮಧ್ಯಾಹ್ನ ಜಾನಪದ ಗೀತೆ, ಸಂಜೆ ಶಾಸ್ತ್ರೀಯ ಗಾಯನ, ನಡುವೆಲ್ಲೋ ಚಿತ್ರಗೀತೆ. ಹೀಗೆ ಒಂದೇ ದಿನದಲ್ಲಿ ಎಲ್ಲವೂ ಸರದಿಯಂತೆ ಬರುತ್ತಿದ್ದವು. ಚಿತ್ರಗೀತೆ ಬೇಕಾದ ಹುಡುಗನು ಅದಕ್ಕಾಗಿ ಕಾಯುತ್ತಿರುವಾಗ ತಾನು ಬಯಸದ ಖಯಾಲನ್ನೂ ಕೇಳುತ್ತಿದ್ದನು. ಖಯಾಲಿಗಾಗಿ ಕಾದ ಹಿರಿಯರು ಹತ್ತಿಯ ಕಾಯಿಕೊರಕ ಹುಳುವಿನ ವಿಷಯವನ್ನೂ ಕೇಳುತ್ತಿದ್ದರು. ಬಯಸದೆ ಕೇಳಿದ್ದೂ ಕಿವಿಯೊಳಗೆ ಒಂದಿಷ್ಟು ಜಾಗ ಮಾಡಿಕೊಳ್ಳುತ್ತಿತ್ತು.

ಹೀಗೆಂದ ಮಾತ್ರಕ್ಕೆ ಆ ಕಾಲವೆಲ್ಲ ಚಿನ್ನವಾಗಿತ್ತೆಂದು ತಿಳಿಯಬಾರದು. ಯಾವ ಸಂಗೀತ ಒಳಗೆ ಬರಬೇಕು, ಯಾವುದು ಹೊರಗೆ ನಿಲ್ಲಬೇಕು ಎಂದು ನಿರ್ಧರಿಸುವವರು ಆಗಲೂ ಇದ್ದರು. ಇದಕ್ಕೆ ಎರಡು ನಿದರ್ಶನಗಳನ್ನು ಹೇಳುತ್ತೇವೆ. ಹಾರ್ಮೋನಿಯಂ ನಮ್ಮ ಮಠಗಳ ಭಜನೆಗೆ ಉಸಿರಿದ್ದಂತೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳ ಕೈಯಲ್ಲಿ ಅದು ಮಾತನಾಡುತ್ತಿತ್ತು. ಆದರೆ ಅದು ಪರದೇಶದ ವಾದ್ಯ, ನಮ್ಮ ಶ್ರುತಿಗಳನ್ನು ಹಿಡಿಯಲಾರದು ಎಂಬ ಕಾರಣದಿಂದ 1940ರಲ್ಲಿ ಬಾನುಲಿಯಿಂದ ಅದನ್ನು ಹೊರಗಿಟ್ಟರು. ಆ ನಿಷೇಧ ಭಾಗಶಃ ಸಡಿಲವಾದದ್ದು 1971ರಲ್ಲಿ. ನಮ್ಮ ಮಠದ ಪ್ರಾಂಗಣದಲ್ಲಿ ದಿನವೂ ನುಡಿಯುತ್ತಿದ್ದ ಪೆಟ್ಟಿಗೆ ಮೂವತ್ತು ವರುಷಗಳ ಕಾಲ ಆಕಾಶವಾಣಿಗೆ ಬೇಡವಾಗಿತ್ತು!

ಎರಡನೆಯದು ಚಿತ್ರಗೀತೆಯ ಸಂಗತಿ. 1952ರಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾದ ಡಾ. ಬಿ. ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ಅಭಿಮಾನಿಗಳು. ಅವರ ಕಾಲದಲ್ಲಿ ಆಕಾಶವಾಣಿಯಲ್ಲಿ ಚಿತ್ರಗೀತೆಗಳು ವಿರಳವಾದವು. ಫಲವೇನಾಯಿತು? ಜನರು ಶಾಸ್ತ್ರೀಯ ಸಂಗೀತದ ಕಡೆಗೆ ತಿರುಗಲಿಲ್ಲ. ಮುಳ್ಳನ್ನು ರೇಡಿಯೋ ಸಿಲೋನ್ ಕಡೆಗೆ ತಿರುಗಿಸಿದರು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಮನೆಮಾತಾಯಿತು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಒಳ್ಳೆಯ ಉದ್ದೇಶದಿಂದಲೇ ಬಾಗಿಲು ಮುಚ್ಚಿದರೂ ಹೊರಗೆ ಉಳಿದವರು ಸುಮ್ಮನಿರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಈಗ ಎಫ್.ಎಂ. ವಿಷಯಕ್ಕೆ ಬರೋಣ. ಧಾರವಾಡದ ಹಳೆಯ ಪ್ರಸಾರ ಮಧ್ಯಮ ತರಂಗದ್ದು. ಆ ಅಲೆ ನೆಲವನ್ನು ಹಿಡಿದು ಬಹುದೂರ ಸಾಗುತ್ತದೆ. ರಾತ್ರಿಯ ವೇಳೆ ವಾಯುಮಂಡಲದ ಮೇಲ್ಪದರಕ್ಕೆ ತಾಗಿ ಹಿಂದಿರುಗಿ ನೂರಾರು ಮೈಲಿಯಾಚೆಗೂ ಕೇಳಿಸುತ್ತದೆ. ಆದರೆ ಮಿಂಚು ಗುಡುಗಿನ ಗದ್ದಲವನ್ನೂ ತನ್ನೊಡನೆ ಹೊತ್ತು ತರುತ್ತದೆ. ಎಫ್.ಎಂ. ಹಾಗಲ್ಲ. ಅದರ ದನಿ ತಿಳಿನೀರಿನಂತೆ ನಿರ್ಮಲ; ಆದರೆ ಪ್ರಸಾರದ ಗೋಪುರವು ಕಣ್ಣಿಗೆ ನಿಲುಕಬಹುದಾದಷ್ಟು ದೂರವೇ ಅದರ ಸೀಮೆ. ಗುಡ್ಡ ಅಡ್ಡ ಬಂದರೆ ಅಲ್ಲಿಗೇ ಮುಗಿಯಿತು. ಕೂಡ್ಲಿಗಿಯ ಬಳಿ ಚಿತ್ರದುರ್ಗದ ದನಿ ಮಾಯವಾದದ್ದು ಇದೇ ಕಾರಣಕ್ಕೆ. ಭಾರತದಲ್ಲಿ ಈ ಪ್ರಸಾರ ಮೊದಲು ಆರಂಭವಾದದ್ದು 1977ರ ಜುಲೈ 23ರಂದು ಮದರಾಸಿನಲ್ಲಿ. ನಮ್ಮ ನಾಡಿನ ಚಿತ್ರದುರ್ಗ, ಹಾಸನ, ಹೊಸಪೇಟೆ, ಮಡಿಕೇರಿ ಮೊದಲಾದ ಊರುಗಳಿಗೆ 1990ರ ದಶಕದಲ್ಲಿ ಆಕಾಶವಾಣಿಯ ಎಫ್.ಎಂ. ಕೇಂದ್ರಗಳು ಬಂದವು.

ಸೀಮೆ ಚಿಕ್ಕದಾದುದು ಒಂದು ಕೊರತೆಯೆಂದು ನಾವು ಆಗ ಭಾವಿಸಿದ್ದೆವು. ಅದೇ ಅದರ ದೊಡ್ಡ ಗುಣವೆಂದು ತಿಳಿಯಲು ನಮಗೆ ಬಹಳ ಕಾಲ ಬೇಕಾಯಿತು. ಧಾರವಾಡದಲ್ಲಿ ಹಾಡಬೇಕಾದರೆ ದೊಡ್ಡ ಗವಾಯಿಯಾಗಿರಬೇಕಿತ್ತು. ಸಣ್ಣ ಕೇಂದ್ರವು ತನ್ನ ಸುತ್ತಲಿನ ಎರಡು ಮೂರು ಜಿಲ್ಲೆಗಳ ಹೊತ್ತನ್ನು ತುಂಬಬೇಕಿತ್ತು. ಆದ್ದರಿಂದ ಅದು ಸೋಬಾನೆ ಹಾಡುವ ಅಜ್ಜಿಯರನ್ನು, ಕೋಲಾಟದ ಮೇಳದವರನ್ನು, ತತ್ವಪದದ ಭಜನೆಯವರನ್ನು ಹುಡುಕಿ ಕರೆಯಿತು. ಹೊಲದಿಂದ ಬಂದವರು ಧ್ವನಿಮುದ್ರಣದ ಕೋಣೆಯಲ್ಲಿ ಕುಳಿತು ಹಾಡಿದರು. ಮೈಕಿನ ಮುಂದೆ ಕುಳಿತ ಮನುಷ್ಯ ಅಪರಿಚಿತನಲ್ಲ, ಪಕ್ಕದ ಊರಿನವನು ಎಂಬ ಸಂತೋಷ ಕೇಳುವವರಿಗೆ ದೊರೆತದ್ದು ಆಗಲೇ.

ಇನ್ನು ನಮ್ಮ ತಪ್ಪಿನ ಕಥೆ. ಆ ದಿನಗಳಲ್ಲಿ ನಾವು ಮಠವೊಂದರ ಉಚಿತ ಪ್ರಸಾದ ನಿಲಯದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೆವು. ಮೂವತ್ತರ ಆಸುಪಾಸಿನ ವಯಸ್ಸು. ಓದಿದ ಅಹಂಕಾರ ಇನ್ನೂ ಇಳಿದಿರಲಿಲ್ಲ. ಹುಡುಗರು ಕಿಸೆಯಲ್ಲಿ ಹಿಡಿಯುವ ಸಣ್ಣ ರೇಡಿಯೋ ತಂದು ಹೊದಿಕೆಯೊಳಗೆ ಚಿತ್ರಗೀತೆ ಕೇಳುತ್ತಾರೆಂದು ನಮಗೆ ಅಸಮಾಧಾನವಿತ್ತು. ಎಫ್.ಎಂ. ಎಂದರೆ ಚಿತ್ರಗೀತೆ, ಚಿತ್ರಗೀತೆ ಎಂದರೆ ಓದಿಗೆ ಕೇಡು ಎಂದು ತೀರ್ಮಾನಿಸಿದ್ದೆವು. ಅಭ್ಯಾಸದ ವೇಳೆಯಲ್ಲಿ ರೇಡಿಯೋ ಕಂಡರೆ ಕಪಾಟಿಗೆ ಸೇರುತ್ತದೆ ಎಂಬುದು ನಾವು ಮಾಡಿದ ನಿಯಮ.

ಒಂದು ಸಂಜೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕಂಬದ ಮರೆಯಲ್ಲಿ ನಿಂತು ರೇಡಿಯೋ ಕಿವಿಗೆ ಹಿಡಿದಿದ್ದನು. ಯಾರಿಂದಲೋ ಎರವಲು ತಂದದ್ದು. ನಾವು ಕೈಚಾಚಿದೆವು, ಅವನು ಕೊಟ್ಟನು. ಏನೋ ಹೇಳಲು ಬಾಯಿ ತೆರೆದವನು ನಮ್ಮ ಮುಖ ನೋಡಿ ಸುಮ್ಮನಾದನು. ರೇಡಿಯೋ ಆರಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಹುಡುಗನು ಪುಸ್ತಕ ತೆರೆದು ಕುಳಿತನು. ಶಿಸ್ತು ನೆಲೆಸಿತೆಂದು ನಮಗೆ ಸಮಾಧಾನವಾಯಿತು.

ಮುಂದಿನ ಸೋಮವಾರ ಆ ಹುಡುಗನ ತಂದೆ ಮಠಕ್ಕೆ ಬಂದರು. ಅವರದು ಚಳ್ಳಕೆರೆ ಕಡೆಯ ಹಳ್ಳಿ. ತುಂಡು ಭೂಮಿಯ ಒಕ್ಕಲು, ಏಕತಾರಿ ಹಿಡಿದು ತತ್ವಪದ ಹಾಡುವವರು. ಗದ್ದುಗೆಗೆ ಕಾಯಿ ಒಡೆಸಿ ನಮ್ಮ ಬಳಿ ಬಂದು ಕೈಮುಗಿದು ಕೇಳಿದರು: "ಹುಡುಗ ಕೇಳಿದ್ನಾ ಸ್ವಾಮಿ? ಮೊನ್ನೆ ಸಂಜೆ ರೇಡಿಯೋದಾಗೆ ನಂದು ಎರಡು ಪದ ಬಂದ್ವು."

ನಮ್ಮ ಬಾಯಿಂದ ಮಾತು ಹೊರಡಲಿಲ್ಲ. ಬಾನುಲಿ ಕೇಂದ್ರದಿಂದ ಅವರಿಗೆ ಕರೆ ಬಂದಿತ್ತು. ಹೋಗಿ ಹಾಡಿ ಬಂದಿದ್ದರು. ಪ್ರಸಾರದ ದಿನ ಮತ್ತು ವೇಳೆಯನ್ನು ಮಗನಿಗೆ ಕಾಗದ ಬರೆಸಿ ತಿಳಿಸಿದ್ದರು. ಹುಡುಗನು ಕಂಬದ ಮರೆಯಲ್ಲಿ ನಿಂತು ಕಾಯುತ್ತಿದ್ದುದು ಚಿತ್ರಗೀತೆಗಲ್ಲ, ತಂದೆಯ ದನಿಗೆ. ನಾವು ನಡೆದುದನ್ನು ಹೇಳಿ ತಪ್ಪಾಯಿತೆಂದಾಗ ಆ ಹಿರಿಯರು ನಮ್ಮನ್ನೇ ಸಮಾಧಾನಪಡಿಸಿದರು: "ಹೋಗ್ಲಿ ಬಿಡಿ ಸ್ವಾಮಿ, ಇನ್ನೊಂದ್ಸಲ ಕರೀತಾರೆ." ಆದರೆ ಇನ್ನೊಂದು ಸಲ ಎಂಬುದು ಬರಲಿಲ್ಲ. ಎರಡು ವರುಷದೊಳಗೆ ಅವರು ಕಾಲವಾದರು. ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಆ ದನಿಯನ್ನು ಉಳಿಸಿಕೊಂಡವರು ಯಾರೂ ಇಲ್ಲ.

ಅನಂತರ ಬಂದ ಖಾಸಗಿ ಎಫ್.ಎಂ. ಕಥೆ ನಮ್ಮ ಓದುಗರಲ್ಲಿ ಅನೇಕರು ಕಣ್ಣಾರೆ ಕಂಡದ್ದೇ. ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರವಾದ ರೇಡಿಯೋ ಸಿಟಿ 2001ರ ಜುಲೈ 3ರಂದು ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಮೊದಲ ಸುತ್ತಿನ ಕೇಂದ್ರಗಳು ಸರಕಾರಕ್ಕೆ ಕಟ್ಟಬೇಕಾದ ಶುಲ್ಕವು ವರ್ಷದಿಂದ ವರ್ಷಕ್ಕೆ ಶೇಕಡಾ 15ರಂತೆ ಏರುತ್ತಿತ್ತು. ಬಹಳ ಮಂದಿ ಆ ಭಾರ ಹೊರಲಾರದೆ ಹೋದರು. 2005ರಲ್ಲಿ ನಿಯಮ ಬದಲಾಗಿ, ಒಮ್ಮೆ ಪ್ರವೇಶ ಧನ ಕಟ್ಟಿ ಮುಂದೆ ಆದಾಯದ ಶೇಕಡಾ 4ರಷ್ಟನ್ನು ಕೊಡುವ ಪದ್ಧತಿ ಬಂದಿತು. ಆಗ ಬೆಂಗಳೂರಿನಲ್ಲಿ ಕೇಂದ್ರಗಳ ಸಾಲೇ ಎದ್ದಿತು. ಮೈಸೂರು, ಮಂಗಳೂರು, ಕಲಬುರಗಿಗಳಿಗೂ ಖಾಸಗಿ ಕೇಂದ್ರಗಳು ಬಂದವು. ತಾವಾಗಿಯೇ ಸುದ್ದಿ ಸಂಗ್ರಹಿಸಿ ಪ್ರಸಾರ ಮಾಡುವ ಅನುಮತಿ ಇವುಗಳಿಗೆ ಇರಲಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಲು 2011ರ ನಿಯಮಗಳು ಅವಕಾಶ ಕೊಟ್ಟವು. ಆದ್ದರಿಂದ ಅವುಗಳ ಬಂಡವಾಳವೆಲ್ಲ ಹಾಡು ಮತ್ತು ಮಾತು.

ನ್ಯಾಯವಾಗಿ ಹೇಳುವುದಾದರೆ ಈ ಕೇಂದ್ರಗಳಿಂದ ಕನ್ನಡಕ್ಕೆ ಉಪಕಾರವೂ ಆಗಿದೆ. ಮೊದಲ ವರ್ಷಗಳಲ್ಲಿ ಬೆಂಗಳೂರಿನ ಖಾಸಗಿ ಎಫ್.ಎಂ. ಕೇಳಿದರೆ ಹಿಂದಿ, ಇಂಗ್ಲಿಷ್ ಹಾಡುಗಳದೇ ಮೇಲುಗೈ. ಕನ್ನಡದ ರಾಜಧಾನಿಯಲ್ಲಿ ಕನ್ನಡ ಹಾಡು ಅತಿಥಿಯಂತಿತ್ತು. 2006ರಲ್ಲಿ ಹೊಸ ಕೇಂದ್ರಗಳು ಪೈಪೋಟಿಗೆ ನಿಂತವು. ಅದೇ ವರ್ಷದ ಡಿಸೆಂಬರ್ 29ರಂದು ತೆರೆಕಂಡ 'ಮುಂಗಾರು ಮಳೆ' ಚಿತ್ರಕ್ಕೆ ಮನೋಮೂರ್ತಿಯವರು ಸಂಗೀತ ನೀಡಿದ್ದ ಹಾಡುಗಳು ಎಲ್ಲರ ಬಾಯಲ್ಲೂ ನಲಿದವು. ಕನ್ನಡ ಹಾಡಿಗೆ ಕೇಳುವವರುಂಟು, ಜಾಹೀರಾತೂ ಉಂಟು ಎಂದು ವ್ಯಾಪಾರಿಗಳಿಗೆ ಮನವರಿಕೆಯಾಯಿತು. ಒಂದೊಂದಾಗಿ ಕೆಲವು ಕೇಂದ್ರಗಳು ಕನ್ನಡಕ್ಕೆ ತಿರುಗಿದವು. ಇರುಳಿಡೀ ಎಚ್ಚರವಿರುವ ಕಾವಲುಗಾರನಿಗೂ ಆಟೋ ನಡೆಸುವ ಸಹೋದರನಿಗೂ ಆ ಹಾಡು ಜೊತೆಯಾಯಿತು. ಇದನ್ನು ಹಗುರವಾಗಿ ಕಾಣಲಾಗದು.

ಆದರೆ ಈ ಪದ್ಧತಿಯ ಒಳಗಿನ ಲೆಕ್ಕವನ್ನು ಅರಿಯಬೇಕು. ಕೇಂದ್ರವು ಮೊದಲು ತನ್ನ ಕೇಳುಗ ಯಾರೆಂದು ಗೊತ್ತುಮಾಡಿಕೊಳ್ಳುತ್ತದೆ. ಹಾಡಿನ ತುಣುಕುಗಳನ್ನು ಅಂಥವರಿಗೆ ಕೇಳಿಸಿ, ಬೇಕೋ ಬೇಡವೋ ಎಂದು ವಿಚಾರಿಸುತ್ತದೆ. ಬೇಕೆಂದು ಬಂದ ಹಾಡುಗಳ ಒಂದು ಸಣ್ಣ ಪಟ್ಟಿ ಮಾಡಿ ಅವನ್ನೇ ದಿನಕ್ಕೆ ಹಲವು ಬಾರಿ ತಿರುಗಿಸುತ್ತದೆ. ಗುರುತಿಲ್ಲದ ಹಾಡು ಬಂದರೆ ಕೇಳುಗನು ಮುಂದಿನ ಕೇಂದ್ರಕ್ಕೆ ಹಾರುತ್ತಾನೆ ಎಂಬ ಭಯ ಅದಕ್ಕೆ ಸದಾ ಇರುತ್ತದೆ. ಒಂದು ಕೇಂದ್ರ ಹೊಸ ಹಾಡಿನದು, ಇನ್ನೊಂದು ಹಳೆಯ ಹಾಡಿನದು, ಮತ್ತೊಂದು ಇಂಗ್ಲಿಷಿನದು. ಮನೆಯೊಳಗೆ ತಾತನಿಗೊಂದು, ಮಗನಿಗೊಂದು, ಮೊಮ್ಮಗಳಿಗೊಂದು. ಬಯಸಿದ್ದು ಬಯಸಿದೊಡನೆ ದೊರೆಯುತ್ತದೆ. ಬಯಸಲು ತಿಳಿಯದೇ ಇದ್ದುದು ಮಾತ್ರ ಎಂದೂ ಕಿವಿಗೆ ಬೀಳುವುದಿಲ್ಲ. ಈ ಪಟ್ಟಿಯಲ್ಲಿ ಚಳ್ಳಕೆರೆ ಕಡೆಯ ಒಕ್ಕಲಿಗನ ಎರಡು ತತ್ವಪದಗಳಿಗೆ ಎಲ್ಲಿಯ ಸ್ಥಾನ?

ಈ ಆಕ್ಷೇಪಣೆಯನ್ನು ಬರೆಯುತ್ತಿರುವಾಗ ನಮ್ಮ ಲೇಖನಿಯೇ ನಮ್ಮನ್ನು ತಡೆದು ಪ್ರಶ್ನಿಸುತ್ತದೆ. ಅಂದು ಆ ಹಾಡನ್ನು ಹೊರಗಿಟ್ಟವರು ಯಾರು? ವ್ಯಾಪಾರಿಯಲ್ಲ, ಜಾಹೀರಾತಿನವನಲ್ಲ. ಬಾನುಲಿಯು ಕರೆದು ಮನ್ನಿಸಿದ ಹಾಡನ್ನು ಕಪಾಟಿಗೆ ಹಾಕಿ ಬೀಗ ಜಡಿದವರು ನಾವು. ಹಾರ್ಮೋನಿಯಂ ಬೇಡವೆಂದವರಿಗೆ ಶುದ್ಧಿಯ ಚಿಂತೆ, ಚಿತ್ರಗೀತೆ ಬೇಡವೆಂದವರಿಗೆ ಅಭಿರುಚಿಯ ಚಿಂತೆ, ಗುರುತಿಲ್ಲದ ಹಾಡು ಬೇಡವೆನ್ನುವವರಿಗೆ ಲಾಭದ ಚಿಂತೆ, ನಮಗೆ ಶಿಸ್ತಿನ ಚಿಂತೆ. ಕಾರಣಗಳು ಬೇರೆ, ಕೇಳದೆಯೇ ತೀರ್ಪು ಕೊಟ್ಟ ದೋಷ ಒಂದೇ. ವಚನಕಾರರಲ್ಲಿ ದೋಣಿ ನಡೆಸುವವರು, ದನ ಕಾಯುವವರು, ಕಟ್ಟಿಗೆ ಮಾರುವವರು ಇದ್ದರೆಂದು ನೂರಾರು ವೇದಿಕೆಗಳಲ್ಲಿ ಹೇಳಿದವರು ನಾವು. ಒಬ್ಬ ಒಕ್ಕಲಿಗನ ಪದ ನಮ್ಮ ಅಂಗಳಕ್ಕೇ ಬಂದಾಗ ಅದನ್ನು ಗುರುತಿಸದೆ ಹೋದೆವು.

2006ರಲ್ಲಿ ಕೇಂದ್ರ ಸರಕಾರವು ಸಂಘ ಸಂಸ್ಥೆಗಳೂ ಸಮುದಾಯ ಬಾನುಲಿ ನಡೆಸಬಹುದೆಂದು ನಿಯಮ ಮಾಡಿತು. ಅದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಪ್ರಯತ್ನ ನಡೆದು, ಹಳ್ಳಿಯವರೇ ತಮ್ಮ ಕಾರ್ಯಕ್ರಮಗಳನ್ನು ತಾವೇ ಮಾಡಿ ತಂತಿಯ ಮೂಲಕ ಮನೆಮನೆಗೆ ಕೇಳಿಸಿದ್ದರು. ಕಲಬುರಗಿಯಲ್ಲಿ ಶರಣಬಸವೇಶ್ವರರ ಹೆಸರಿನ ವಿದ್ಯಾಸಂಸ್ಥೆಯು 'ಅಂತರ್ವಾಣಿ'ಯನ್ನು ಆರಂಭಿಸಿತು. ನಾಲ್ಕಾರು ಹಳ್ಳಿಗಳಿಗಷ್ಟೇ ಕೇಳುವ ಇಂಥ ಕೇಂದ್ರಗಳ ಬೆಲೆಯನ್ನು ಕೇಳುಗರ ಸಂಖ್ಯೆಯಿಂದ ಅಳೆಯಬಾರದು. ಯಾರ ದನಿಗೆ ಅಲ್ಲಿ ಬಾಗಿಲು ತೆರೆದಿದೆ ಎಂಬುದೇ ಅದರ ಅಳತೆ.

ಆ ಹುಡುಗ ಈಗ ಹೈಸ್ಕೂಲಿನ ಶಿಕ್ಷಕ. ಐದಾರು ವರುಷಗಳ ಹಿಂದೆ ಮದುವೆಯೊಂದರಲ್ಲಿ ಕಂಡು ನಮಸ್ಕರಿಸಿದನು. ನಾವೇ ಆ ಸಂಜೆಯ ಮಾತು ತೆಗೆದೆವು. ಅವನು ಮರೆತಿರಲಿಲ್ಲ. "ಅಪ್ಪನ ಪದ ಎಲ್ಲಾ ನಂಗೆ ಬರ್ತಾವೆ ಸ್ವಾಮಿ. ಆ ದನಿ ಮಾತ್ರ ಬರಲ್ಲ" ಎಂದನು. ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಮಗೆ ಹಗುರವಾಗುತ್ತಿತ್ತು. ಹಾಡಪ್ಪ ಎಂದೆವು. ಊಟದ ಪಂಕ್ತಿ ಏಳುವವರೆಗೆ ಪಡಸಾಲೆಯ ಮೂಲೆಯಲ್ಲಿ ಕುಳಿತು ಎರಡು ಪದ ಹಾಡಿದನು. ಅವನ ಮಗಳು ತನ್ನ ಮೊಬೈಲಿನಲ್ಲಿ ಅದನ್ನು ಹಿಡಿದುಕೊಂಡಳು. ಅಜ್ಜನ ದನಿ ಅವಳಿಗೆ ಸಿಗಲಿಲ್ಲ, ಅಪ್ಪನದು ಉಳಿಯಿತು.

ಆದುದರಿಂದ ನಮ್ಮ ಓದುಗರಲ್ಲಿ ಎರಡೇ ವಿನಂತಿ. ನಿಮ್ಮ ಮನೆಯಲ್ಲಿ ಬೀಸುವ ಕಲ್ಲಿನ ಪದ, ಜೋಗುಳ, ಸೋಬಾನೆ, ಮಂಗಳಾರತಿಯ ಹಾಡು ಬಲ್ಲ ಅವ್ವ, ಅಜ್ಜಿ, ದೊಡ್ಡಮ್ಮ ಇದ್ದರೆ ಈ ವಾರವೇ ಅವರ ಬಳಿ ಕುಳಿತು ಹಾಡಿಸಿ, ಕೈಯಲ್ಲಿರುವ ಮೊಬೈಲಿನಲ್ಲಿ ಹಿಡಿದಿಡಿ. ಹಬ್ಬ ಬರಲಿ, ರಜೆ ಬರಲಿ ಎಂದು ಮುಂದೂಡಬೇಡಿ. ಎರಡನೆಯದು, ದಿನದಲ್ಲಿ ಅರ್ಧ ಗಂಟೆ ಮನೆಯವರೆಲ್ಲರೂ ಒಂದೇ ಕಡೆ ಕುಳಿತು ಒಂದೇ ಬಾನುಲಿ ಕೇಳಿರಿ. ಮೊಮ್ಮಗಳು ಬಯಸಿದ್ದನ್ನು ಅಜ್ಜ ಕೇಳಲಿ, ಅಜ್ಜ ಬಯಸಿದ್ದನ್ನು ಮೊಮ್ಮಗಳು ಕೇಳಲಿ. ಮೆಚ್ಚದಿದ್ದರೂ ಚಿಂತೆಯಿಲ್ಲ, ಪೂರ್ತಿ ಕೇಳಿದ ಮೇಲೆ ಬೇಡವೆನ್ನಲಿ.

ಹೊಸಪೇಟೆಯ ದಾರಿಯಲ್ಲಿ ಆ ಚಾಲಕ ಯುವಕನು ಒಂದು ಹೊಸ ಚಿತ್ರಗೀತೆ ಬಂದಾಗ ನಮ್ಮ ಕಡೆ ನೋಡಿ ದನಿ ತಗ್ಗಿಸಲು ಹೋದನು. ಬೇಡಪ್ಪ, ಇರಲಿ ಎಂದೆವು. ಹಾಡು ಮುಗಿಯುವವರೆಗೂ ಕೇಳಿದೆವು. ಅಷ್ಟೇನೂ ಹಿಡಿಸಲಿಲ್ಲ. ಆದರೆ ಕೇಳಿದೆವು.